ಬೆಲ್ಲದ ವ್ಯಾಪಾರಕ್ಕೆ ಹೆಸರನ್ನು ಆರಿಸುವ ಕ್ರಮ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೆಳೆಯುವ ಪದಾರ್ಥಗಳು ಬಹುಮಟ್ಟಿಗೆ ಹೆಸರಿಲ್ಲದೆಯೇ ಮಾರಾಟವಾಗುತ್ತ ಬಂದಿವೆ. ನಾಲೆಯ ಬಯಲಿನಲ್ಲಿ ಕಬ್ಬನ್ನು ಬೆಳೆದು, ಆಲೆಮನೆಯಲ್ಲಿ ಅಚ್ಚು ಹೊಯ್ದ ರೈತನು ತನ್ನ ಬೆಲ್ಲವನ್ನು ಮಂಡಿಗೆ ಸಾಗಿಸಿದೊಡನೆ ಅದು ಇಂಥವರ ಆಲೆಮನೆಯ ಬೆಲ್ಲವೆಂಬ ಗುರುತು ಅಳಿದುಹೋಗುತ್ತದೆ. ಬಣ್ಣವನ್ನೂ ಗಟ್ಟಿತನವನ್ನೂ ನೋಡಿ ಕೂಗಿದ ಬೆಲೆ ಮಾತ್ರ ಉಳಿಯುತ್ತದೆ. ರಾಸಾಯನಿಕವನ್ನು ಹಾಕದೆ ಪಾಕವನ್ನು ಕಾಯಿಸಿದವನಿಗೂ, ಬಣ್ಣ ಬರಲೆಂದು ಹೈಡ್ರೋಸ್ ಪುಡಿಯನ್ನು ಸುರಿದವನಿಗೂ ಅಲ್ಲಿ ಭೇದವಿಲ್ಲ. ಕೆಲವು ವೇಳೆ ಎರಡನೆಯವನ ಹಳದಿ ಬೆಲ್ಲಕ್ಕೇ ಹೆಚ್ಚು ಬೆಲೆ ದೊರೆಯುವುದೂ ಉಂಟು.

ಈ ಕಾರಣದಿಂದಲೇ ಈಚಿನ ವರ್ಷಗಳಲ್ಲಿ ಕೆಲವು ಬೆಳೆಗಾರರು ಅಂತರ್ಜಾಲದ ಮೂಲಕ ನೇರವಾಗಿ ಗಿರಾಕಿಗಳಿಗೆ ಸರಕನ್ನು ಒದಗಿಸಲು ತೊಡಗಿದ್ದಾರೆ. ೨೦೨೦ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಲ್ಲಿ, ಒಂದು ಜಿಲ್ಲೆಗೆ ಒಂದು ಉತ್ಪನ್ನವೆಂಬ ಕ್ರಮದಂತೆ, ಮಂಡ್ಯ ಜಿಲ್ಲೆಗೆ ಬೆಲ್ಲವು ಗೊತ್ತಾದುದರಿಂದ ಈ ಕೆಲಸಕ್ಕೆ ಇನ್ನಷ್ಟು ಉತ್ತೇಜನವು ದೊರೆತಿದೆ. ಇಂಥ ವ್ಯಾಪಾರವನ್ನು ಹೂಡುವವರು ಯಂತ್ರ, ಡಬ್ಬಿ, ಸಾಗಣೆ ಮುಂತಾದುವುಗಳ ಬಗ್ಗೆ ಬಹಳ ವಿಚಾರ ಮಾಡುತ್ತಾರೆ. ಹೆಸರಿನ ವಿಷಯವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಚೀಲದ ಮೇಲೆ ಅಚ್ಚು ಹಾಕಿಸುವ ದಿನ, ತೋಚಿದಂತೆ ತೀರ್ಮಾನಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಯಂತ್ರವು ಕೆಟ್ಟರೆ ಬೇರೆ ಯಂತ್ರವನ್ನು ಕೊಳ್ಳಬಹುದು. ಐದು ವರ್ಷ ದುಡಿದು ಬೆಳೆಸಿದ ಹೆಸರು ಕೈತಪ್ಪಿದರೆ ಆ ಐದು ವರ್ಷಗಳ ದುಡಿಮೆಯೂ ಅದರೊಡನೆ ಹೋಗುತ್ತದೆ. ಆದಕಾರಣ ಹೆಸರನ್ನು ಹೇಗೆ ಆರಿಸಬೇಕು, ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

೧. ಹೆಸರಿನ ಕೆಲಸ

ಸಂತೆಯಲ್ಲಿ ಬೆಲ್ಲವನ್ನು ಕೊಳ್ಳುವವನು ಅಚ್ಚನ್ನು ಮುರಿದು ನೋಡುತ್ತಾನೆ, ಮೂಸುತ್ತಾನೆ, ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಅಂತರ್ಜಾಲದಲ್ಲಿ ಕೊಳ್ಳುವವನಿಗೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ. ಆತನ ಮುಂದೆ ಇರುವುದು ಒಂದು ಚಿತ್ರ, ಒಂದು ಬೆಲೆ ಮತ್ತು ಒಂದು ಹೆಸರು. ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು, ಬೆಲೆಯನ್ನು ಯಾರು ಬೇಕಾದರೂ ಇಳಿಸಬಹುದು. ಒಮ್ಮೆ ಕೊಂಡು ಮೆಚ್ಚಿದವನು ಎರಡನೆಯ ಸಲ ಅದೇ ಆಲೆಮನೆಗೆ ಹಿಂದಿರುಗಬೇಕಾದರೆ ಹೆಸರೊಂದೇ ಆತನಿಗೆ ದಾರಿ. ಆತನು ನೆಂಟರಿಗೆ ಹೇಳುವುದೂ ಹೆಸರನ್ನೇ. ಆದುದರಿಂದ ಒಳ್ಳೆಯ ಹೆಸರಿಗೆ ಮೂರು ಲಕ್ಷಣಗಳು ಇರತಕ್ಕದ್ದು. ಕೇಳಿದವನು ಮರೆಯಬಾರದು, ಹುಡುಕಿದವನು ಬೇರೆಯವರ ಅಂಗಡಿಗೆ ಹೋಗಬಾರದು, ಇಟ್ಟುಕೊಂಡವನ ಕೈಯಿಂದ ಅದನ್ನು ಇತರರು ಕಿತ್ತುಕೊಳ್ಳುವಂತಿರಬಾರದು. ಮುಂದೆ ಹೇಳುವುದೆಲ್ಲವೂ ಈ ಮೂರು ಲಕ್ಷಣಗಳ ವಿವರಣೆಯೇ ಆಗಿದೆ.

೨. ಊರುಗಳ ಹೆಸರುಗಳಿಂದ ಕಲಿಯತಕ್ಕದ್ದು

ಹೆಸರಿನ ಸ್ವಭಾವವನ್ನು ತಿಳಿಯಲು ದೂರ ಹೋಗಬೇಕಾದ ಅಗತ್ಯವಿಲ್ಲ. ಪಾಂಡವಪುರಕ್ಕೆ ಹಿಂದೆ ಹಿರೋಡೆಯೆಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪು ಇವರ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದು, ಬಹುಕಾಲ ಬಳಕೆಯಲ್ಲಿತ್ತು. ಕೃಷ್ಣರಾಜಪೇಟೆಯು ಮೊದಲು ಅತ್ತಿಕುಪ್ಪೆಯಾಗಿದ್ದು, ೧೮೯೧ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇರ್ವಿನ್ ನಾಲೆಯು ವಿಶ್ವೇಶ್ವರಯ್ಯ ನಾಲೆಯಾಯಿತು. ೨೦೧೪ರ ನವೆಂಬರ್ ೧ರಂದು ಮೈಸೂರು, ಬೆಂಗಳೂರು ಮೊದಲಾದ ನಗರಗಳ ಹೆಸರುಗಳ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಊರಿನ ಹೆಸರನ್ನು ನೆಚ್ಚಿ ವ್ಯಾಪಾರದ ಹೆಸರನ್ನು ಇಟ್ಟವನು, ಊರಿನ ಹೆಸರು ಬದಲಾಗಬಹುದೆಂಬುದನ್ನೂ ನೆನಪಿನಲ್ಲಿಡಬೇಕು.

ಎರಡನೆಯ ಪಾಠವು ಉದ್ದದ ವಿಷಯ. ಕೃಷ್ಣರಾಜಪೇಟೆಯೆಂದು ಪೂರ್ತಿಯಾಗಿ ಹೇಳುವವರು ಕಡಮೆ. ಬಸ್ಸಿನ ಹಲಗೆಯ ಮೇಲೂ ಜನರ ಬಾಯಿಯಲ್ಲೂ ಅದು ಕೆ.ಆರ್. ಪೇಟೆ. ಕೃಷ್ಣರಾಜಸಾಗರವನ್ನು ಜನರು ಕನ್ನಂಬಾಡಿಯೆಂದೋ ಕೆ.ಆರ್.ಎಸ್. ಎಂದೋ ಕರೆಯುತ್ತಾರೆ. ಹೆಸರು ಉದ್ದವಾದರೆ ಜನರು ಅದನ್ನು ತಮಗೆ ಬೇಕಾದಂತೆ ಮುರಿಯುತ್ತಾರೆ. ಮುರಿದ ತುಂಡು ಯಾವುದಾಗುವುದೆಂಬುದು ಇಟ್ಟವನ ಕೈಯಲ್ಲಿಲ್ಲ. ಅಲ್ಲದೆ ಅಕ್ಷರಗಳಿಗೆ ಇಳಿದ ಹೆಸರು ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಕೆ.ಆರ್. ಎಂಬ ಎರಡು ಅಕ್ಷರಗಳು ಪೇಟೆಗೂ ಸೇರುತ್ತವೆ, ನಗರಕ್ಕೂ ಸೇರುತ್ತವೆ, ಬೆಂಗಳೂರಿನ ಮಾರುಕಟ್ಟೆಗೂ ಸೇರುತ್ತವೆ. ಎರಡು ಅಥವಾ ಮೂರು ಉಚ್ಚಾರಣೆಗಳಲ್ಲಿ ಮುಗಿಯುವ ಹೆಸರನ್ನು ಮೊದಲೇ ಇಟ್ಟುಕೊಂಡರೆ ಅದನ್ನು ಮುರಿಯುವ ಪ್ರಸಂಗವೇ ಬರುವುದಿಲ್ಲ.

ಮೂರನೆಯದು ಬರಹದ ವಿಷಯ. ಶ್ರೀರಂಗಪಟ್ಟಣವನ್ನು ಬ್ರಿಟಿಷರು ಸೆರಿಂಗಪಟಂ ಎಂದು ಬರೆದರು. ಈಗಲೂ ರೋಮನ್ ಲಿಪಿಯಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುವರು: ಮೊದಲ ಅಕ್ಷರದಲ್ಲಿ ಹಕಾರವನ್ನು ಸೇರಿಸುವವರು, ಬಿಡುವವರು, ಟಕಾರವನ್ನು ಇಮ್ಮಡಿಸುವವರು, ಇಮ್ಮಡಿಸದವರು. ಅಂತರ್ಜಾಲದ ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಗಿರಾಕಿಯು ಬೇರೆ ಕಡೆಗೆ ಹೋಗುತ್ತಾನೆ. ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ.

೩. ಒಬ್ಬರ ಸ್ವತ್ತಾಗಲಾರದ ಹೆಸರುಗಳು

ಟ್ರೇಡ್ ಮಾರ್ಕ್ ಎನ್ನಲಾಗುವ ವ್ಯಾಪಾರಮುದ್ರೆಗಳ ಬಗ್ಗೆ ಭಾರತದಲ್ಲಿ ಈಗ ೧೯೯೯ರ ಕಾನೂನು ಜಾರಿಯಲ್ಲಿದೆ. ಅದರ ೯ನೆಯ ಪ್ರಕರಣದಂತೆ, ಸರಕಿನ ಜಾತಿ, ಗುಣ, ಪ್ರಮಾಣ, ಉಪಯೋಗ ಅಥವಾ ಹುಟ್ಟಿದ ಸ್ಥಳವನ್ನು ಮಾತ್ರ ಹೇಳುವ ಮಾತುಗಳನ್ನು ಒಬ್ಬರ ಮುದ್ರೆಯಾಗಿ ದಾಖಲು ಮಾಡಲಾಗುವುದಿಲ್ಲ. ಇದರ ನ್ಯಾಯವು ಸುಲಭವಾಗಿ ತಿಳಿಯುವಂಥದು. ‘ಶುದ್ಧ ಬೆಲ್ಲ’ವೆಂಬ ಮಾತನ್ನು ಒಬ್ಬನು ತನ್ನದಾಗಿ ಮಾಡಿಕೊಂಡರೆ, ಶುದ್ಧವಾದ ಬೆಲ್ಲವನ್ನು ಮಾಡುವ ಉಳಿದವರು ಅದನ್ನು ಏನೆಂದು ಕರೆಯಬೇಕು? ಆದಕಾರಣ ‘ಶುದ್ಧ’, ‘ನಾಟಿ’, ‘ಹಳ್ಳಿ’, ‘ಉತ್ತಮ’ ಮುಂತಾದ ಮಾತುಗಳು ಎಲ್ಲರ ಸ್ವತ್ತು. ಇವುಗಳಿಂದ ವ್ಯಾಪಾರವನ್ನು ಆರಂಭಿಸುವವನಿಗೆ ಮೊದಮೊದಲು ಲಾಭವಾದಂತೆ ತೋರಬಹುದು, ಏಕೆಂದರೆ ಹೆಸರೇ ಸರಕನ್ನು ವಿವರಿಸುತ್ತದೆ. ಆದರೆ ಮುಂದಿನ ತಿಂಗಳಲ್ಲಿಯೇ ಪಕ್ಕದ ಊರಿನವನು ಅದೇ ಮಾತುಗಳನ್ನು ಹಿಂದುಮುಂದು ಮಾಡಿ ಇಟ್ಟುಕೊಂಡರೆ ತಡೆಯುವ ಉಪಾಯವಿಲ್ಲ. ಬಹುಕಾಲದ ಬಳಕೆಯಿಂದ ಇಂಥ ಮಾತೂ ಒಬ್ಬರ ಗುರುತಾಗಿ ನಿಲ್ಲಬಹುದೆಂದು ಕಾನೂನು ಒಪ್ಪುತ್ತದಾದರೂ, ಅದನ್ನು ರುಜುವಾತುಪಡಿಸುವ ಭಾರವು ದೊಡ್ಡದು.

ಊರಿನ ಹೆಸರಿನ ವಿಷಯವೂ ಹೀಗೆಯೇ. ‘ಪಾಂಡವಪುರದ ಬೆಲ್ಲ’ವೆಂಬುದು ಪಾಂಡವಪುರದ ಎಲ್ಲ ಆಲೆಮನೆಗಳಿಗೂ ಸಲ್ಲುವ ಹೆಸರು. ಗಂಜಾಂ ಅಂಜೂರ, ಮೇಲುಕೋಟೆಯ ಪುಳಿಯೋಗರೆ ಎಂಬ ಹೆಸರುಗಳ ಹಿಂದೆ ಒಬ್ಬನ ದುಡಿಮೆಯಲ್ಲ, ಒಂದು ಊರಿನ ಹಲವು ತಲೆಮಾರುಗಳ ದುಡಿಮೆಯುಂಟು. ಇಂಥ ಹೆಸರುಗಳನ್ನು ಕಾಪಾಡಲು ಬೇರೆಯ ಕಾನೂನೇ ಇದೆ. ಭೌಗೋಳಿಕ ಸೂಚನೆಗಳ ಕಾನೂನು ೧೯೯೯ರಲ್ಲಿ ರಚಿತವಾಗಿ ೨೦೦೩ರ ಸೆಪ್ಟೆಂಬರ್ ೧೫ರಿಂದ ಜಾರಿಗೆ ಬಂದಿತು. ನಂಜನಗೂಡಿನ ರಸಬಾಳೆ, ಮೈಸೂರಿನ ವೀಳೆಯದೆಲೆ, ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿಯ ಮೆಣಸಿನಕಾಯಿ ಇವು ಅದರಂತೆ ದಾಖಲಾಗಿವೆ. ಬೆಲ್ಲದಲ್ಲಿಯೇ ಕೊಲ್ಲಾಪುರದ ಬೆಲ್ಲವೂ, ಕೇರಳದ ಮರಯೂರಿನ ಬೆಲ್ಲವೂ ಹೀಗೆ ದಾಖಲಾಗಿವೆ. ಈ ದಾಖಲೆಯನ್ನು ಒಬ್ಬ ವರ್ತಕನು ಪಡೆಯುವಂತಿಲ್ಲ; ಬೆಳೆಗಾರರ ಸಂಘ ಅಥವಾ ಕಾನೂನಿನಂತೆ ರಚಿತವಾದ ಸಂಸ್ಥೆಯು ಅರ್ಜಿ ಹಾಕಬೇಕು. ದಾಖಲಾದ ಮೇಲೆ ಆ ಪ್ರದೇಶದ ಬೆಳೆಗಾರರು ಅಧಿಕೃತ ಬಳಕೆದಾರರೆಂದು ಹೆಸರು ಬರೆಯಿಸಿಕೊಂಡು ಅದನ್ನು ಉಪಯೋಗಿಸಬಹುದು. ಊರಿನ ಹೆಸರಿಗೆ ಬೆಲೆ ಬರಬೇಕೆಂದು ಬಯಸುವ ಗ್ರಾಮಪ್ರಮುಖರು ಈ ಮಾರ್ಗವನ್ನು ವಿಚಾರಿಸಬಹುದು. ಒಂದು ಕುಟುಂಬದ ಅಥವಾ ಒಂದು ಗುಂಪಿನ ವ್ಯಾಪಾರಕ್ಕಾದರೋ ಬೇರೆ ಹೆಸರೇ ಬೇಕು. ಊರಿನ ಹೆಸರನ್ನು ವಿಳಾಸದಲ್ಲಿ ದೊಡ್ಡದಾಗಿ ಬರೆಯಲು ಯಾರ ಅಡ್ಡಿಯೂ ಇಲ್ಲ.

೪. ದೇವರ ಹೆಸರು, ದೊಡ್ಡವರ ಹೆಸರು, ಮನೆತನದ ಹೆಸರು

ನಮ್ಮ ಜನರು ಹೊಸ ಕಾರ್ಯಕ್ಕೆ ಕುಲದೇವತೆಯ ಹೆಸರನ್ನಿಡುವುದು ಸಹಜವೇ ಸರಿ. ಆದರೆ ಒಂದೇ ದೇವರಿಗೆ ಸಾವಿರಾರು ಒಕ್ಕಲು ಇರುವುದರಿಂದ ಒಂದೇ ಹೆಸರಿನ ಅಂಗಡಿಗಳೂ ನೂರಾರು ಇರುತ್ತವೆ. ಹುಡುಕುವ ಗಿರಾಕಿಗೆ ಅವುಗಳಲ್ಲಿ ಬೇಕಾದುದು ಸಿಕ್ಕುವುದು ಕಷ್ಟ. ಧರ್ಮಭಾವನೆಗೆ ನೋವುಂಟುಮಾಡುವ ಮುದ್ರೆಯನ್ನು ಕಾನೂನು ನಿಷೇಧಿಸಿದೆ. ೨೦೧೫ರಲ್ಲಿ ಸುಪ್ರೀಂ ಕೋರ್ಟು ಊದುಬತ್ತಿಗೆ ಸಂಬಂಧಿಸಿದ ಒಂದು ವ್ಯಾಜ್ಯದಲ್ಲಿ, ‘ರಾಮಾಯಣ’ವೆಂಬ ಪವಿತ್ರಗ್ರಂಥದ ಹೆಸರನ್ನು ಒಬ್ಬ ವರ್ತಕನು ತನ್ನ ಮುದ್ರೆಯಾಗಿ ಪಡೆಯಲಾಗದೆಂದು ತೀರ್ಪಿತ್ತಿತು. ದೇವರ ಪಟವನ್ನು ಅಂಗಡಿಯಲ್ಲಿಟ್ಟು ಪೂಜಿಸುವುದೂ, ಬಿಸಾಡುವ ಚೀಲದ ಮೇಲೆ ದೇವರ ಹೆಸರನ್ನು ಅಚ್ಚು ಹಾಕಿಸುವುದೂ ಒಂದೇ ಅಲ್ಲವೆಂಬುದನ್ನು ಹಿರಿಯರು ಕಿರಿಯರಿಗೆ ತಿಳಿಸಿಹೇಳಬಹುದು.

ಜನರು ಪ್ರೀತಿಸಿದ ಮುಖಂಡರ ಹೆಸರನ್ನಿಡಬೇಕೆಂಬ ಆಸೆಯೂ ಇರುತ್ತದೆ. ಪಾಂಡವಪುರ ತಾಲ್ಲೂಕಿನ ರೈತಮುಖಂಡರಾಗಿದ್ದ ಕೆ.ಎಸ್. ಪುಟ್ಟಣ್ಣಯ್ಯನವರು ೨೦೧೮ರಲ್ಲಿ ನಿಧನರಾದರು. ಅವರಂಥವರ ಹೆಸರನ್ನು ಸರಕಿಗೆ ಇಡಲು ಅಭಿಮಾನವೊಂದೇ ಸಾಲದು. ಜೀವಿಸಿರುವವರ, ಅಥವಾ ಅರ್ಜಿಗೆ ಹಿಂದಿನ ೨೦ ವರ್ಷಗಳೊಳಗೆ ತೀರಿಕೊಂಡವರ ಹೆಸರಿನೊಡನೆ ಸಂಬಂಧವನ್ನು ತೋರಿಸುವ ಮುದ್ರೆಗೆ, ಅವರ ಅಥವಾ ಅವರ ವಾರಸುದಾರರ ಲಿಖಿತ ಒಪ್ಪಿಗೆಯನ್ನು ನೋಂದಣಾಧಿಕಾರಿಯು ಕೇಳಬಹುದೆಂದು ೧೪ನೆಯ ಪ್ರಕರಣವು ವಿಧಿಸಿದೆ. ಮಹಾತ್ಮಾ ಗಾಂಧಿಯವರ ಹೆಸರು ಮತ್ತು ಚಿತ್ರ, ರಾಷ್ಟ್ರಧ್ವಜ, ಸರ್ಕಾರದ ಲಾಂಛನ ಮುಂತಾದುವುಗಳನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವುದನ್ನು ೧೯೫೦ರ ಲಾಂಛನ ಮತ್ತು ಹೆಸರುಗಳ ಕಾನೂನು ತಡೆಯುತ್ತದೆ. ಸರ್ಕಾರದ ಇಲಾಖೆಯೇ ನಡೆಸುವ ವ್ಯಾಪಾರವೆಂಬ ಭ್ರಮೆಯನ್ನು ಹುಟ್ಟಿಸುವ ಹೆಸರೂ ಕೂಡದು.

ಮನೆತನದ ಹೆಸರಿನಲ್ಲಿ ಬೇರೊಂದು ತೊಡಕುಂಟು. ಪ್ರತಿಯೊಬ್ಬನಿಗೂ ತನ್ನ ನಿಜವಾದ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಹಕ್ಕುಂಟು. ಆದುದರಿಂದ ಅಣ್ಣತಮ್ಮಂದಿರು ಭಾಗವಾದಾಗ, ಜಮೀನನ್ನು ಅಳೆದು ಹಂಚಿಕೊಂಡಂತೆ ಹೆಸರನ್ನು ಹಂಚಿಕೊಳ್ಳಲಾಗದೆ, ಇಬ್ಬರೂ ಅದೇ ಹೆಸರಿನಲ್ಲಿ ಬೆಲ್ಲವನ್ನು ಮಾರತೊಡಗುತ್ತಾರೆ. ಒಬ್ಬನ ಬೆಲ್ಲ ಕೆಟ್ಟರೆ ಇಬ್ಬರ ಹೆಸರೂ ಕೆಡುತ್ತದೆ.

೫. ಪರರ ಹೆಸರಿಗೆ ಹತ್ತಿರವಾದ ಹೆಸರು

ಪ್ರಸಿದ್ಧವಾದ ಹೆಸರನ್ನು ಒಂದಕ್ಷರ ಬದಲಿಸಿ ಇಟ್ಟುಕೊಳ್ಳುವುದು ಕೆಲವರಿಗೆ ಜಾಣತನವಾಗಿ ಕಾಣುತ್ತದೆ. ಇದರ ಫಲವೇನೆಂಬುದನ್ನು ಕರ್ನಾಟಕದ ಎರಡು ವ್ಯಾಜ್ಯಗಳಿಂದ ತಿಳಿಯಬಹುದು.

ಮೊದಲನೆಯದು ‘ನಂದಿನಿ’ ಎಂಬ ಹೆಸರಿನದು. ಕರ್ನಾಟಕ ಹಾಲು ಮಹಾಮಂಡಲವು ೧೯೮೫ರಿಂದ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಈ ಹೆಸರನ್ನು ಬಳಸುತ್ತ ಬಂದಿತ್ತು. ಬೆಂಗಳೂರಿನಲ್ಲಿ ೧೯೮೯ರಿಂದ ಉಪಾಹಾರಗೃಹಗಳನ್ನು ನಡೆಸುತ್ತಿದ್ದ ನಂದಿನಿ ಡೀಲಕ್ಸ್ ಎಂಬವರು, ರೋಮನ್ ಲಿಪಿಯಲ್ಲಿ ಒಂದು ಹಕಾರವನ್ನು ಹೆಚ್ಚಾಗಿ ಸೇರಿಸಿ ಬರೆದ ಅದೇ ಹೆಸರನ್ನು ದಾಖಲು ಮಾಡಿಸಲು ಅರ್ಜಿ ಹಾಕಿದರು. ಮಹಾಮಂಡಲವು ಆಕ್ಷೇಪಿಸಿತು. ವ್ಯಾಜ್ಯವು ಮೇಲಿನ ಮೇಲಿನ ನ್ಯಾಯಸ್ಥಾನಗಳಿಗೆ ಹೋಗಿ, ೨೦೧೮ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಂದಿನಿಯೆಂಬುದು ಪುರಾಣದಲ್ಲಿ ಬರುವ ದೇವತೆಯ ಮತ್ತು ಗೋವಿನ ಹೆಸರು, ಯಾರೊಬ್ಬರೂ ಹೊಸದಾಗಿ ಕಟ್ಟಿದ್ದಲ್ಲ. ಎರಡೂ ಕಡೆಯ ಸರಕುಗಳೂ ಬೇರೆ, ಮುದ್ರೆಗಳ ಚಿತ್ರಗಳೂ ಬೇರೆ ಎಂದು ಹೇಳಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದ ಸರಕುಗಳಿಗೆ ಉಪಾಹಾರಗೃಹದವರ ಹೆಸರನ್ನು ನ್ಯಾಯಾಲಯವು ಒಪ್ಪಿತು. ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಬಳಕೆಯಲ್ಲಿರುವ ಮಾತನ್ನು ಇಟ್ಟುಕೊಂಡವನು, ಎಷ್ಟೇ ದೊಡ್ಡ ಸಂಸ್ಥೆಯಾದರೂ, ಅದನ್ನು ಎಲ್ಲ ಸರಕುಗಳಲ್ಲಿಯೂ ತನ್ನದೆನ್ನಲಾರನು. ಹಾಗೆಯೇ ಪರರ ಹೆಸರಿಗೆ ಹತ್ತಿರವಾದುದನ್ನು ಇಟ್ಟುಕೊಂಡವನು ಕೊನೆಗೆ ಗೆದ್ದರೂ, ಗೆಲ್ಲುವ ವೇಳೆಗೆ ಅನೇಕ ವರ್ಷಗಳನ್ನು ನ್ಯಾಯಸ್ಥಾನದಲ್ಲಿ ಕಳೆದಿರುತ್ತಾನೆ. ಹತ್ತು ಎಕರೆಯ ರೈತನಿಗೆ ಅಂಥ ಗೆಲವೂ ನಷ್ಟವೇ.

ಎರಡನೆಯದು ಅಂತರ್ಜಾಲದ ವಿಳಾಸಕ್ಕೆ ಸೇರಿದ್ದು. ಸತ್ಯಂ ಇನ್ಫೋವೇ ಎಂಬ ಕಂಪನಿಯು ತನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ‘ಸಿಫಿ’ ಎಂಬ ಹೊಸ ಮಾತನ್ನು ಕಟ್ಟಿ, ೧೯೯೯ರಲ್ಲಿ ವಿಳಾಸಗಳನ್ನು ಪಡೆದಿತ್ತು. ೨೦೦೧ರಲ್ಲಿ ಬೇರೊಂದು ಕಂಪನಿಯು ‘ಸಿಫಿನೆಟ್’ ಎಂಬ ವಿಳಾಸದಿಂದ ವ್ಯಾಪಾರವನ್ನು ಆರಂಭಿಸಿ, ಅದು ತನ್ನ ನಿರ್ದೇಶಕರ ಹೆಸರುಗಳ ಮೊದಲಕ್ಷರಗಳಿಂದ ಆದುದೆಂದು ಸಾಧಿಸಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯವು ಎರಡನೆಯವರನ್ನು ತಡೆಯಿತು; ಹೈಕೋರ್ಟು ಆ ತಡೆಯನ್ನು ತೆಗೆಯಿತು; ೨೦೦೪ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಳಿ ಸ್ಥಾಪಿಸಿತು. ಅಂತರ್ಜಾಲದ ವಿಳಾಸವು ಮನೆಯ ಬಾಗಿಲ ಸಂಖ್ಯೆಯಂತೆ ಬರಿಯ ಗುರುತಲ್ಲ, ಅಂಗಡಿಯ ಹೆಸರಿನಷ್ಟೇ ರಕ್ಷಣೆಗೆ ಅರ್ಹವಾದುದು ಎಂಬುದು ಅಂದಿನಿಂದ ಸ್ಥಿರವಾಯಿತು.

೬. ಕಟ್ಟಿದ ಹೆಸರಿನ ಅನುಕೂಲ

ಮೇಲಿನದನ್ನೆಲ್ಲ ಓದಿದವರಿಗೆ ಯಾವ ಹೆಸರೂ ಉಳಿಯಲಿಲ್ಲವೆಂದು ತೋರಬಹುದು. ಹಾಗಲ್ಲ. ಹೊಸದಾಗಿ ಕಟ್ಟಿದ ಮಾತು, ಅಥವಾ ಸರಕಿಗೆ ಸಂಬಂಧವಿಲ್ಲದ ಬಳಕೆಯ ಮಾತು, ಇವೆರಡೂ ಎಲ್ಲಕ್ಕಿಂತ ಬಲವಾದ ಹೆಸರುಗಳು. ಮಂಡ್ಯದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯು ‘ಮೈಷುಗರ್’ ಎಂದು ಹೆಸರುವಾಸಿಯಾದುದು ಎರಡು ಮಾತುಗಳನ್ನು ಬೆಸೆದ ಬಗೆಯಿಂದಲೇ. ಗುಜರಾತಿನ ಆನಂದದ ಹಾಲು ಸಂಘದವರು ತಮ್ಮ ಸಂಘದ ಮೊದಲಕ್ಷರಗಳೂ ಸೇರಿ, ಅಮೂಲ್ಯವೆಂಬ ಅರ್ಥವೂ ಹೊಳೆಯುವಂತೆ ‘ಅಮುಲ್’ ಎಂಬ ಹೆಸರನ್ನು ಇಟ್ಟುಕೊಂಡರು. ಅದರಲ್ಲಿ ಹಾಲಿನ ಸುದ್ದಿಯೇ ಇಲ್ಲ. ಆದುದರಿಂದಲೇ ಬೆಣ್ಣೆಗೂ ಗಿಣ್ಣಿಗೂ ಅದು ಸಮನಾಗಿ ಒಗ್ಗಿತು.

ಸರಕಿನ ಹೆಸರನ್ನೇ ವ್ಯಾಪಾರದ ಹೆಸರನ್ನಾಗಿ ಮಾಡಿದರೆ ವ್ಯಾಪಾರವು ಬೆಳೆದಾಗ ಹೆಸರು ಬಿಗಿಯಾಗುತ್ತದೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯು, ಎಲ್ಲ ಬಗೆಯ ಹಣ್ಣು ತರಕಾರಿಗಳನ್ನೂ ಮಾರತೊಡಗಿದಾಗ ತನ್ನ ಹೆಸರನ್ನು ಬದಲಿಸಿಕೊಂಡು ‘ಹಾಪ್‌ಕಾಮ್ಸ್’ ಆಗಬೇಕಾಯಿತು. ನಾಗಮಂಗಲದ ಖುಷ್ಕಿ ರೈತನು ಇಂದು ರಾಗಿಯ ಹಿಟ್ಟನ್ನು ಮಾರುವನು. ನಾಳೆ ಹುರುಳಿಯನ್ನೂ ಕೊಬ್ಬರಿಯ ಎಣ್ಣೆಯನ್ನೂ ಮಾರಬೇಕೆನ್ನಿಸೀತು. ಹೆಸರಿನಲ್ಲಿ ರಾಗಿಯೊಂದೇ ಇದ್ದರೆ ಎಣ್ಣೆಯನ್ನು ಕೊಳ್ಳುವವರು ಹಿಂಜರಿಯುವರು.

ಹೆಸರಿನಲ್ಲಿ ಗುಣವನ್ನು ಸಾರುವವನು ಆ ಗುಣಕ್ಕೆ ಹೊಣೆಯಾಗಬೇಕೆಂಬುದನ್ನೂ ಇಲ್ಲಿಯೇ ಹೇಳತಕ್ಕದ್ದು. ‘ಸಾವಯವ’ವೆಂಬ ಮಾತನ್ನು ಆಹಾರಪದಾರ್ಥದ ಮೇಲೆ ಬರೆಯುವುದನ್ನು ೨೦೧೭ರ ಸಾವಯವ ಆಹಾರ ನಿಯಮಗಳು ಕಟ್ಟುಪಾಡಿಗೆ ಒಳಪಡಿಸಿವೆ. ಎನ್.ಪಿ.ಒ.ಪಿ. ಅಥವಾ ಪಿ.ಜಿ.ಎಸ್. ಇಂಡಿಯಾ ಪದ್ಧತಿಯ ಪ್ರಮಾಣಪತ್ರವು ಬೇಕು. ಸಣ್ಣ ಬೆಳೆಗಾರನು ತಾನೇ ನೇರವಾಗಿ ಬಳಕೆದಾರನಿಗೆ ಮಾರುವಲ್ಲಿ ಕೆಲವು ವಿನಾಯಿತಿಯುಂಟಾದರೂ, ಪ್ರಮಾಣಪತ್ರವಿಲ್ಲದೆ ಆ ಮಾತನ್ನು ಹೆಸರಿನಲ್ಲಿಯೇ ಸೇರಿಸಿಕೊಳ್ಳುವುದು ವಿವೇಕವಲ್ಲ.

೭. ಕಿವಿಯ ಪರೀಕ್ಷೆ, ಲಿಪಿಯ ಪರೀಕ್ಷೆ

ಕನ್ನಡದ ಹೆಸರನ್ನು ಗಿರಾಕಿಯು ಬಹುಮಟ್ಟಿಗೆ ರೋಮನ್ ಅಕ್ಷರಗಳಲ್ಲಿ ಒತ್ತಿ ಹುಡುಕುತ್ತಾನೆ. ಆ ಲಿಪಿಯಲ್ಲಿ ಲಕಾರಕ್ಕೂ ಳಕಾರಕ್ಕೂ, ನಕಾರಕ್ಕೂ ಣಕಾರಕ್ಕೂ, ಹ್ರಸ್ವಕ್ಕೂ ದೀರ್ಘಕ್ಕೂ ಭೇದವು ಉಳಿಯುವುದಿಲ್ಲ. ತಕಾರವನ್ನು ಕೆಲವರು ಹಕಾರದೊಡನೆಯೂ ಕೆಲವರು ಹಕಾರವಿಲ್ಲದೆಯೂ ಬರೆಯುತ್ತಾರೆ. ಆದುದರಿಂದ ಇಂಥ ಅಕ್ಷರಗಳು ಕಡಮೆಯಿರುವ ಹೆಸರು ಮೇಲು. ಪರಭಾಷೆಯಲ್ಲಿ ಅದೇ ಅಕ್ಷರಗಳಿಗೆ ಬೇರೆ ಅರ್ಥವಿದೆಯೇ ಎಂಬುದನ್ನೂ ನೋಡಬೇಕು. ‘ಆಲೆ’ಯೆಂಬ ಸೊಗಸಾದ ಮಾತನ್ನು ರೋಮನ್ ಲಿಪಿಯ ಮೂರಕ್ಷರಗಳಲ್ಲಿ ಬರೆದರೆ ಇಂಗ್ಲಿಷ್ ಬಲ್ಲವರು ಅದನ್ನು ಒಂದು ಬಗೆಯ ಬಿಯರ್ ಎಂದು ಓದುತ್ತಾರೆ. ‘ಬೆಲ್ಲ’ವೆಂದು ಹುಡುಕಿದರೆ, ಇಟಲಿಯ ಭಾಷೆಯಲ್ಲಿ ಅದು ಸುಂದರಿಯೆಂಬ ಅರ್ಥವನ್ನು ಕೊಡುವುದರಿಂದ, ಸಿಹಿಗೆ ಸಂಬಂಧಪಡದ ಎಷ್ಟೋ ಅಂಗಡಿಗಳು ಎದುರಾಗುತ್ತವೆ.

ಪರೀಕ್ಷೆಯ ಕ್ರಮವು ಸುಲಭವಾದುದು. ಹೆಸರನ್ನು ಮೊದಲೇ ತಿಳಿಸದೆ, ಹತ್ತು ಜನರಿಗೆ ದೂರವಾಣಿಯಲ್ಲಿ ಒಂದೇ ಸಲ ಹೇಳಿ, ಕೇಳಿದಂತೆ ರೋಮನ್ ಲಿಪಿಯಲ್ಲಿ ಬರೆದು ಕಳುಹಿಸುವಂತೆ ಕೇಳಬೇಕು. ಅವರಲ್ಲಿ ಊರಿನವರೂ ಪಟ್ಟಣದವರೂ, ಕನ್ನಡ ಬಾರದ ಇಬ್ಬರಾದರೂ ಇರಲಿ. ಎಂಟು ಜನರು ಒಂದೇ ಬಗೆಯಾಗಿ ಬರೆದರೆ ಹೆಸರು ಗೆದ್ದಿತು. ನಾಲ್ಕೈದು ಬಗೆಗಳು ಬಂದರೆ ಅದನ್ನು ಕೈಬಿಡುವುದು ಲೇಸು. ಒಂದು ವಾರದ ಮೇಲೆ ಅದೇ ಜನರನ್ನು ಹೆಸರು ನೆನಪಿದೆಯೇ ಎಂದು ಕೇಳತಕ್ಕದ್ದು.

೮. ಒಂದು ನಿದರ್ಶನ

ಪಾಂಡವಪುರ ತಾಲ್ಲೂಕಿನ ನಾಲೆಯ ಬಯಲಿನ ಒಂದು ಊರಿನಲ್ಲಿ ಹತ್ತು ಮನೆಗಳವರು ಸೇರಿ ರಾಸಾಯನಿಕವಿಲ್ಲದ ಬೆಲ್ಲವನ್ನು ಅಂತರ್ಜಾಲದ ಮೂಲಕ ಮಾರಲು ನಿಶ್ಚಯಿಸಿದರೆಂದು ಊಹಿಸಿಕೊಳ್ಳಬಹುದು. ಊರ ಯಜಮಾನರು ಸೂಚಿಸಿದ ‘ಚೆಲುವನಾರಾಯಣ’ವು ದೇವರ ಹೆಸರಾದುದರಿಂದಲೂ, ಉದ್ದವಾದುದರಿಂದಲೂ ನಿಲ್ಲಲಿಲ್ಲ. ‘ಶುದ್ಧ ಬೆಲ್ಲ’ವು ಎಲ್ಲರ ಮಾತು. ‘ಪಾಂಡವಪುರ ಬೆಲ್ಲ’ವು ಊರಿನ ಸ್ವತ್ತು. ಹತ್ತು ಮನೆಗಳವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಉಚ್ಚರಿಸಲಾಗದ ಗಂಟು. ಊರಿನ ಹಳೆಯ ಹೆಸರಾದ ‘ಹಿರೋಡೆ’ಯು ಚಿಕ್ಕದು, ಬರೆಯಲು ಸುಲಭ, ಆದರೆ ಆ ಊರಿನ ಬೇರೆಯವರೂ ನಾಳೆ ಅದನ್ನು ಕೇಳಬಹುದು. ‘ನವಿಲು’ ಎಂಬುದು ಹುಡುಕಿದಲ್ಲೆಲ್ಲ ಬೇರೆಯವರ ಹೆಸರಿನಲ್ಲಿ ಸಿಕ್ಕುವಷ್ಟು ಬಳಕೆಯ ಮಾತು. ಕೊನೆಗೆ ನವಿಲು ಮತ್ತು ಆಲೆ ಎಂಬ ಎರಡು ಮಾತುಗಳನ್ನು ಕನ್ನಡದ ಲೋಪಸಂಧಿಯಂತೆ ಕೂಡಿಸಿ ‘ನವಿಲಾಲೆ’ಯೆಂದು ಮಾಡಿದರೆ, ನಿಘಂಟಿನಲ್ಲಿಲ್ಲದ, ಕನ್ನಡದ ಕಿವಿಗೆ ಹಿತವಾದ, ಗುಣವನ್ನೂ ಊರನ್ನೂ ಹೇಳದ ಒಂದು ಹೆಸರು ಸಿದ್ಧವಾಗುತ್ತದೆ. ದೀರ್ಘವನ್ನು ಇಮ್ಮಡಿಸಿ ಬರೆಯುವವರಿಗಾಗಿ ಎರಡು ಬಗೆಯ ವಿಳಾಸಗಳನ್ನೂ ಪಡೆದಿಟ್ಟುಕೊಂಡರಾಯಿತು. ಇದು ಕ್ರಮವನ್ನು ತೋರಿಸಲು ಹೇಳಿದ ನಿದರ್ಶನ ಮಾತ್ರ. ಇಂಥ ಹೆಸರನ್ನೂ ದಾಖಲೆಗಳಲ್ಲಿ ಹುಡುಕಿ ನೋಡದೆ 당ಬಳಸಕೂಡದು.

೯. ಹೆಸರನ್ನು ದಾಖಲು ಮಾಡಿಸುವುದು

ಹೆಸರು ಗೊತ್ತಾದ ಮೇಲೆ, ಚೀಲವನ್ನು ಅಚ್ಚು ಹಾಕಿಸುವ ಮೊದಲು, ಈ ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡತಕ್ಕದ್ದು.

ಮೊದಲನೆಯದಾಗಿ, ವ್ಯಾಪಾರಮುದ್ರೆಗಳ ಕಚೇರಿಯ ಜಾಲತಾಣದಲ್ಲಿ ಹಣವಿಲ್ಲದೆ ಹುಡುಕಿ ನೋಡಬಹುದು. ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಬೆಲ್ಲ, ಸಕ್ಕರೆ, ಜೇನು, ಹಿಟ್ಟು ಇವು ೩೦ನೆಯ ವರ್ಗ, ಅಡಿಗೆಯ ಎಣ್ಣೆ, ತುಪ್ಪ ೨೯, ಹಸಿಯ ಹಣ್ಣು, ಸಂಸ್ಕರಿಸದ ಕಾಳು ೩೧, ಅಂಗಡಿಯ ವ್ಯಾಪಾರ ೩೫. ಅದೇ ಹೆಸರನ್ನಷ್ಟೇ ಅಲ್ಲದೆ, ಅದರಂತೆ ಕೇಳಿಸುವ ಹೆಸರುಗಳನ್ನೂ ಹುಡುಕಬೇಕು.

ಎರಡನೆಯದಾಗಿ, ಅಂತರ್ಜಾಲದ ವಿಳಾಸವನ್ನು ಅದೇ ದಿನ ಪಡೆಯಬೇಕು. ವಿಳಾಸವು ಕ್ರಯಕ್ಕೆ ಬಂದ ಸ್ವತ್ತಲ್ಲ, ಗುತ್ತಿಗೆಯ ಜಮೀನಿನಂತೆ. ಕಾಲಕಾಲಕ್ಕೆ ಹಣ ಕಟ್ಟದಿದ್ದರೆ ಬೇರೆಯವರ ಪಾಲಾಗುತ್ತದೆ. ದೇಶದ ‘.ಇನ್’ ಎಂಬ ಕೊನೆಯುಳ್ಳ ವಿಳಾಸಗಳಲ್ಲದೆ, ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂಬ ಕೊನೆಯುಳ್ಳ ವಿಳಾಸಗಳೂ ಉಂಟು. ಇಲ್ಲಿ ಒಂದು ಎಚ್ಚರಿಕೆಯು ಅತ್ಯಗತ್ಯ. ಜಾಲತಾಣವನ್ನು ಕಟ್ಟಿಕೊಡುವ ಪಟ್ಟಣದ ಯುವಕನು ಅನುಕೂಲಕ್ಕಾಗಿ ವಿಳಾಸವನ್ನು ತನ್ನ ಹೆಸರಿನಲ್ಲಿಯೇ ಬರೆಯಿಸಿಕೊಳ್ಳುವುದುಂಟು. ಪಹಣಿಯು ಪರರ ಹೆಸರಿನಲ್ಲಿರುವ ಜಮೀನಿನಲ್ಲಿ ಬಾವಿ ತೋಡಿದಂತೆ ಇದು. ವಿಳಾಸವೂ ಅದರ ಗುಪ್ತಪದವೂ ಸಂಘದ ಹೆಸರಿನಲ್ಲಿ, ಸಂಘದ ಕೈಯಲ್ಲಿ ಇರತಕ್ಕದ್ದು.

ಮೂರನೆಯದಾಗಿ, ವ್ಯಾಪಾರಮುದ್ರೆಗೆ ಅರ್ಜಿ ಹಾಕಬೇಕು. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದ್ದು, ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬಹುದು. ೨೦೧೭ರ ನಿಯಮಗಳಂತೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ ೪,೫೦೦ ರೂಪಾಯಿ, ಇತರರಿಗೆ ೯,೦೦೦ ರೂಪಾಯಿ ಶುಲ್ಕ. ಅರ್ಜಿಯು ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ದಾಖಲಾದ ಮುದ್ರೆಯು ೧೦ ವರ್ಷಗಳವರೆಗೆ ನಡೆಯುತ್ತದೆ. ಮತ್ತೆ ಮತ್ತೆ ನವೀಕರಿಸಬಹುದು. ದಾಖಲಾಗುವ ಮೊದಲೇ ವೃತ್ತದೊಳಗೆ ‘ಆರ್’ ಅಕ್ಷರವುಳ್ಳ ಚಿಹ್ನೆಯನ್ನು ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಮೊದಲು ಬಳಸಿದವನ ಹಕ್ಕನ್ನು ಕಾನೂನು ಮನ್ನಿಸುವುದರಿಂದ, ಮೊದಲ ಮಾರಾಟದ ರಸೀತಿ, ಮುದ್ರಣಾಲಯದ ಬಿಲ್ಲು ಮುಂತಾದುವನ್ನು ಜೋಪಾನವಾಗಿಡಬೇಕು.

ನಾಲ್ಕನೆಯದಾಗಿ, ಸಂಸ್ಥೆಯ ಹೆಸರೂ ಸರಕಿನ ಹೆಸರೂ ಬೇರೆಬೇರೆಯೆಂಬುದನ್ನು ತಿಳಿದಿರಬೇಕು. ಹತ್ತು ಜನ ಉತ್ಪಾದಕರು ಸೇರಿ ಉತ್ಪಾದಕರ ಕಂಪನಿಯನ್ನು ಸ್ಥಾಪಿಸಬಹುದು. ಅದರ ಹೆಸರು ‘ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್’ ಎಂದು ಮುಗಿಯಬೇಕು. ಕಂಪನಿಯ ಹೆಸರು ದಾಖಲಾದ ಮಾತ್ರಕ್ಕೆ ವ್ಯಾಪಾರಮುದ್ರೆಯ ಹಕ್ಕು ಬರುವುದಿಲ್ಲ. ೨೦೨೦ರ ನಿಯಮಗಳಂತೆ ಅಂತರ್ಜಾಲದಲ್ಲಿ ವ್ಯಾಪಾರ ನಡೆಸುವ ಸಂಸ್ಥೆಯು ತನ್ನ ಕಾನೂನುಬದ್ಧ ಹೆಸರನ್ನೂ ವಿಳಾಸವನ್ನೂ ಜಾಲತಾಣದಲ್ಲಿ ತೋರಿಸಬೇಕು. ಚೀಲದ ಮೇಲೆ ತಯಾರಕರ ಹೆಸರು, ವಿಳಾಸ ಮತ್ತು ಆಹಾರ ಸುರಕ್ಷತೆಯ ೧೪ ಅಂಕಿಗಳ ಸಂಖ್ಯೆಯು ಇರಬೇಕು. ದೂರವಾಣಿಯ ಮೂಲಕ ಹಣ ಕಟ್ಟುವ ಗಿರಾಕಿಗೆ ಬ್ಯಾಂಕಿನ ಖಾತೆಯವರ ಹೆಸರು ಕಾಣಿಸುತ್ತದೆ. ಅಂಗಡಿಗೆ ಒಂದು ಹೆಸರು, ಖಾತೆಗೆ ಒಬ್ಬ ಸದಸ್ಯನ ಹೆಸರು ಇದ್ದರೆ ಗಿರಾಕಿಗೆ ಸಂಶಯ ಬರುವುದು ನ್ಯಾಯವೇ. ಆದಕಾರಣ ಖಾತೆಯೂ ಸಂಘದ ಹೆಸರಿನಲ್ಲಿಯೇ ಇರಲಿ.

ಐದನೆಯದಾಗಿ, ಹೆಸರು ಯಾರ ಸ್ವತ್ತು ಎಂಬುದನ್ನು ಆರಂಭದಲ್ಲಿಯೇ ಕಾಗದದ ಮೇಲೆ ಬರೆದಿಡಬೇಕು. ಒಬ್ಬ ಸದಸ್ಯನು ಗುಂಪನ್ನು ಬಿಟ್ಟರೆ ಹೆಸರು ಗುಂಪಿನಲ್ಲಿ ಉಳಿಯುವುದೇ, ಗುಂಪೇ ಒಡೆದರೆ ಯಾರಿಗೆ ಸೇರುವುದು, ಸರಕು ಕೆಟ್ಟದ್ದಾಗಿ ಬಂದ ಆಲೆಮನೆಗೆ ಹೆಸರನ್ನು ಬಳಸದಂತೆ ತಡೆಯುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ. ವ್ಯಾಪಾರವು ಚಿಕ್ಕದಾಗಿರುವಾಗ ಇದನ್ನು ಬರೆಯುವುದು ಸುಲಭ. ಲಾಭ ಬಂದ ಮೇಲೆ ಬರೆಯುವುದು ಕಷ್ಟ. ಊರಿನ ಪ್ರಮುಖರು ಮಧ್ಯಸ್ಥರಾಗಿ ಕುಳಿತು ಈ ಕಾಗದವನ್ನು ಮಾಡಿಸಿಕೊಟ್ಟರೆ ಮುಂದಿನ ಎಷ್ಟೋ ವ್ಯಾಜ್ಯಗಳು ಹುಟ್ಟದಂತಾಗುವುವು.

ಇಷ್ಟೆಲ್ಲ ಮಾಡಿದ ಮೇಲೂ ಹೆಸರು ತಾನಾಗಿ ಬೆಲ್ಲವನ್ನು ಸಿಹಿ ಮಾಡಲಾರದು. ಕೊಪ್ಪರಿಗೆಯ ಮುಂದೆ ನಿಂತವನ ನಿಯತ್ತೇ ಹೆಸರಿಗೆ ಬೆಲೆಯನ್ನು ತರುತ್ತದೆ. ಆದರೆ ನಿಯತ್ತಾಗಿ ದುಡಿದವನ ಗಳಿಕೆಯು ಆತನಿಗೇ ಉಳಿಯಬೇಕಾದರೆ, ಹೊಲಕ್ಕೆ ಬದು ಹಾಕಿದಂತೆ, ಹೆಸರಿಗೂ ಮೊದಲೇ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯಕ.